ಎಲ್ಲವನ್ನೂ ಅಳಿಸುವುದು

ಗಿರಿಧರ ಎರಡನೇ ಸಲ ಹೊಡೆದಾಗ ಹೆಂಡತಿ ದೀಪಶ್ರೀಯ ಮುಖ ಕಂಪ್ಯೂಟರಿನ ಪರದೆಗೆ ಬಡಿದು ತುಟಿ ಒಡೆಯಿತು. “ವಿಂಡೋಸ್ ಸಿ.ಡಿ. ಎಲ್ಲಿಟ್ಟೆ? ನಾಳೆ ಕಡಬದವರಿಗೆ ಮದುವೆ ವಿಡಿಯೊ ಕೊಡ್ಲಿಕ್ಕುಂಟು!”

“ಸ್ವಲ್ಪ ನಿಲ್ಲಿ, ಸಿ.ಡಿ. ಬೇಡ. ವಿಂಡೋಸ್ ಇದರೊಳಗಿಂದಲೇ ಮತ್ತೆ ಹಾಕ್ಲಿಕ್ಕೆ ಆಗ್ತದೆ” ಎಂದಳು. ಬೆಟ್ಟಂಪಾಡಿಯ ಅವನ ಸ್ಟುಡಿಯೊದಲ್ಲಿ ಒಂಬತ್ತು ವರ್ಷಗಳಿಂದ ಎಡಿಟಿಂಗ್ ಮಾಡುತ್ತಿದ್ದವಳು ಅವಳೇ. ಬೆಳಗ್ಗಿನಿಂದ ಶುರುವಾಗದ ಯಂತ್ರ, ಅವಳು ಕೀಲಿಗಳನ್ನು ಒತ್ತಿದಾಗ, ಎರಡು ಆಯ್ಕೆಗಳನ್ನು ತೋರಿಸಿತು: ಫೈಲುಗಳನ್ನು ಉಳಿಸಿಕೊಳ್ಳುವುದು, ಎಲ್ಲವನ್ನೂ ಅಳಿಸುವುದು. ಅವನು ಚಿತ್ರೀಕರಿಸಿದ ನೂರಾರು ಮದುವೆಗಳು ಅದರಲ್ಲಿದ್ದವು. ತೀರಿಹೋದ ಅವಳ ಅಮ್ಮನ ಫೋಟೊಗಳೂ ಇದ್ದವು. ದೀಪಶ್ರೀಯ ಕೈ ಅಲ್ಲೇ ನಿಂತಿತು.

“ಎಂತ ನೋಡ್ತಾ ಕೂತದ್ದು? ಒತ್ತು!” ಗಿರಿಧರ ಜಡೆ ಹಿಡಿದು ಎಳೆದ. ಅವಳು ಎರಡನೆಯದನ್ನು ಒತ್ತಿದಳು.

ಶೇಕಡಾ ನಲವತ್ತು ಅಳಿಸಿದೆ ಎಂದು ಪರದೆ ತೋರಿಸಿದಾಗ ಅವನಿಗೆ ಅರ್ಥವಾಯಿತು. “ಎಲ್ಲ ಹೋಯ್ತಾ?”

“ಹೋಯ್ತು.”

ಅವನ ಕೈ ಮೇಲೆದ್ದಿತು. ದೀಪಶ್ರೀ ಪಕ್ಕದಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡ್ ಎತ್ತಿ ಅವನ ಮೊಣಕೈಗೆ ಬೀಸಿದಳು. ಮೂಳೆ ಮುರಿದ ಸದ್ದು ಕೇಳಿತು. ಅವನು ಕಿರುಚುತ್ತ ನೆಲಕ್ಕೆ ಕುಸಿದ. ಇಷ್ಟು ವರ್ಷ ಅವನನ್ನು ‘ನೀವು’ ಎಂದೇ ಕರೆದವಳು ಅವನ ಮುಂದೆ ನಿಂತು ಹೇಳಿದಳು: “ಏಳು. ಇನ್ನೊಮ್ಮೆ ನೀನು ಕೈ ಎತ್ತು, ನೋಡುವ.”