ಅದು ಅಳು ಅಲ್ಲ

ಬೆಲ್ಟಿನ ಬಕಲ್ ದವಡೆಗೆ ಬಡಿದು ದಾಕ್ಷಾಯಣಿ ಗೋಡೆಯ ಬುಡಕ್ಕೆ ಬಿದ್ದಳು. ಗಂಡನಿಗೆ ಹೇಳದೆ ಅಣ್ಣನ ಮನೆಗೆ ಹೋಗಿಬಂದದ್ದೇ ಅವಳ ತಪ್ಪು. ಅಮರೇಶ ಮತ್ತೆ ಬೆಲ್ಟು ಎತ್ತಿದ. ಅವನ ಎರಡೂ ಕಣ್ಣುಗಳಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಎ.ಸಿ. ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ದಿಟ್ಟಿಸಿ ಅವನ ಕಣ್ಣು ಒಣಗಿ ಉರಿಯುತ್ತಿತ್ತು. ಇರುವ ನೀರು ಕಣ್ಣಲ್ಲೇ ನಿಲ್ಲಲಿ ಎಂದು, ಅದು ಮೂಗಿನತ್ತ ಇಳಿದುಹೋಗುವ ಸಣ್ಣ ತೂತುಗಳಿಗೆ ಡಾಕ್ಟರು ಬಿರಡೆ ಹಾಕಿದ್ದರು. ಅಂದಿನಿಂದ ಗಾಳಿ ತಾಕಿದರೂ ಕಣ್ಣು ತುಂಬಿ ಹರಿಯುತ್ತಿತ್ತು. ದಾಕ್ಷಾಯಣಿಗೆ ಇದೆಲ್ಲ ಗೊತ್ತಿತ್ತು. ಆದರೂ ಏಟು ತಿಂದ ಮೇಲೆ ಪ್ರತಿ ಸಲ ಆ ಒದ್ದೆ ಮುಖ ನೋಡಿ, ಪಾಪ, ಅವರಿಗೂ ಸಂಕಟವಾಗಿದೆ ಎಂದುಕೊಂಡು ತಾನೇ ಸೆರಗಿನಿಂದ ಒರೆಸುತ್ತಿದ್ದಳು.

ಮೂಲೆಯಲ್ಲಿ ಮುದುಡಿ ಕೂತಿದ್ದ ಪುಟ್ಟ ಶಿವಾನಿ ಎದ್ದು ಬಂದು ಅಪ್ಪನ ಕಾಲು ತಬ್ಬಿದಳು. “ಅಪ್ಪಾ, ಅಳಬ್ಯಾಡ.” ಅವನು ಮಗಳನ್ನು ಝಾಡಿಸಿ ಒದ್ದ. ದಾಕ್ಷಾಯಣಿ ಬೆಲ್ಟಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅಮರೇಶ ಮುಗ್ಗರಿಸಿದ, ಮಂಚದ ಅಂಚಿಗೆ ಬಾಯಿ ಬಡಿದು ತುಟಿ ಸೀಳಿತು.

“ಅವ್ವಾ, ಅಪ್ಪ ಅಳಾಕತ್ತಾನ,” ಮಗಳು ಬಿಕ್ಕಿದಳು.

“ಅದು ಅಳು ಅಲ್ಲ, ಕೂಸ. ಫ್ಯಾನಿನ ಗಾಳಿಗೂ ಅವರ ಕಣ್ಣಾಗ ಹಂಗ ನೀರು ಬರ್ತಾವ.”

ಆ ಮಾತು ಮಗಳಿಗಿಂತ ಹೆಚ್ಚಾಗಿ ಅವಳಿಗೇ ನಾಟಿತು. ಶಿವಾನಿಯನ್ನು ಸೊಂಟಕ್ಕೇರಿಸಿಕೊಂಡು ಚಿಲಕ ತೆಗೆದಳು. ಗಲಾಟೆ ಕೇಳಿ ಮನೆ ಓನರ್ ನಾಗಲಕ್ಷ್ಮಮ್ಮ ಮೆಟ್ಟಿಲಲ್ಲೇ ನಿಂತಿದ್ದಳು.

“ಎಸ್‌ಟಿಡಿ ಬೂತಿಗೆ ಹೋಗೂಣು ಬರ್ರಿ, ಅಕ್ಕಾರ,” ಎಂದಳು ದಾಕ್ಷಾಯಣಿ. “ಪೊಲೀಸರಿಗೆ ಫೋನ್ ಮಾಡಬೇಕು.”