ಬೋರ್ಡು ಕಾಣದ ಜಾಗ

"ಇಲ್ಲಿಂದಲೂ ಕಾಣ್ತಿದೆ ನೋಡಕ್ಕಾ, ನನ್ನ ಬೋರ್ಡು!"

ಟೆಂಪೋದಿಂದ ಹಾರಿದ ತಮ್ಮ, ಊರಿನ ಕಡೆ ಕೈ ಚಾಚಿದ. ಬಟ್ಟೆ ಅಂಗಡಿಯ ನೆತ್ತಿಗೆ ಅವನೇ ಕಟ್ಟಿ ನಿಲ್ಲಿಸಿದ ಕೆಂಪು ದೀಪದ ಬೋರ್ಡು, ಬೆಟ್ಟದ ತಿರುವಿಗೂ ರಾಚುತ್ತಿತ್ತು.

"ಹೊಟ್ಟೆ ಉರಿಸಬೇಡ. ಗಾಡಿ ಹತ್ತು," ಎಂದಳು ಅಕ್ಕ.

ಹಿಂದೆ ಕಂಬಳಿ ಸುತ್ತಿ ಹಗ್ಗ ಬಿಗಿದ ದುರ್ಬೀನಿತ್ತು. ಅದರ ಕನ್ನಡಿಯನ್ನು ಅಕ್ಕ ಅಡುಗೆಮನೆಯ ಮೂಲೆಯಲ್ಲಿ, ಗಾಜಿಗೆ ಗಾಜು ಉಜ್ಜಿ ಉಜ್ಜಿ ತಾನೇ ತೇದಿದ್ದಳು. ಊರಿನ ಮಾಳಿಗೆಯಿಂದ ನೋಡಿದರೆ ಬರೀ ಬಿಳುಪು. ದುರ್ಬೀನು ಸಂಘದ ಅಧ್ಯಕ್ಷರು ಒಮ್ಮೆ ಬಗ್ಗಿ ನೋಡಿ, "ಕನ್ನಡಿ ಕೆಟ್ಟಿದೆಯಮ್ಮಾ. ಮುಖ ನೋಡ್ಕೊಳ್ಳೋಕೆ ಇಟ್ಕೋ," ಎಂದು ಎಲ್ಲರೆದುರು ನಕ್ಕಿದ್ದರು. ಕೆಟ್ಟಿರುವುದು ಕನ್ನಡಿಯೋ, ದೀಪಗಳು ಬೆಳಗುವ ಊರಿನ ಆಕಾಶವೋ, ಇವತ್ತು ಕತ್ತಲ ಜಾಗಕ್ಕೆ ಹೋಗಿ ನೋಡಿದರೆ ಗೊತ್ತಾಗಬೇಕಿತ್ತು.

ಒಣಗಿದ ಕೆರೆಯ ಏರಿಯ ಮೇಲೂ ತಮ್ಮ ಬೀಗಿದ. ಅಕ್ಷರ ಕಾಣದಿದ್ದರೂ ಬಾನಿನ ಅಂಚಿಗೆ ಕೆಂಪು ಹತ್ತಿತ್ತು.

"ಇಷ್ಟು ದೂರ ಬಂದ್ರೂ ಬಿಡ್ತಿಲ್ಲ! ಯಾರ ಕೈ ಅದು, ಹೇಳು?"

"ಮುರೀಬೇಕಾದ ಕೈ."

ದಾರಿ ಮುಗಿದದ್ದು ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ. ತಮ್ಮ ಕಲ್ಲುರಾಶಿ ಹತ್ತಿ ಸುತ್ತಲೂ ತಿರುಗಿದ. ಅವನ ಮುಖ ಸಪ್ಪಗಾಯಿತು.

"ಏನೂ ಕಾಣ್ತಿಲ್ಲಕ್ಕಾ."

"ಮೇಲೆ ನೋಡೋ, ಕತ್ತೆ!"

ನೋಡಿದ. ಕೈ ಎತ್ತಿದರೆ, ಅಷ್ಟು ನಕ್ಷತ್ರಗಳ ನಡುವೆ ಅವನ ಕೈ ಒಂದು ಕರಿ ತೂತು.

ಅಕ್ಕ ದುರ್ಬೀನು ತಿರುಗಿಸಿ ಕಣ್ಣಿಟ್ಟಳು. ಎಷ್ಟು ಹೊತ್ತಾದರೂ ಕಣ್ಣು ತೆಗೆಯಲಿಲ್ಲ.

"ಏನಕ್ಕಾ? ಕೆಟ್ಟಿದೆಯಾ?"

ಅವಳು ಕಾಲರ್ ಹಿಡಿದು ಅವನನ್ನು ಬಗ್ಗಿಸಿದಳು. ಕಪ್ಪಿನ ನಡುವೆ, ಗಾಜಿಗೆ ಉಸಿರು ಬಿಟ್ಟಷ್ಟು ಮಬ್ಬು. ಅಂಗಿಯ ತುದಿಯಿಂದ ಗಾಜು ಒರೆಸಲು ಹೋದ ತಮ್ಮ. ಅಕ್ಕ ಕೈಗೊಂದು ಬಿಟ್ಟಳು.

"ಅದು ಕೊಳೆಯಲ್ಲ ಕಣೋ. ಸೂರ್ಯರು. ಲೆಕ್ಕ ಇಲ್ಲದಷ್ಟು ಸೂರ್ಯರು."

"ನಿನ್ನ ಕನ್ನಡೀಲಿ?"

"ಹೂಂ. ನನ್ನ ಕನ್ನಡೀಲಿ."

ಮುಂದಿನ ಅಮಾವಾಸ್ಯೆಗೆ ಅಕ್ಕ ಸಂಘದವರನ್ನು ಕರೆದಳು. ಕ್ವಾರಿಯ ತಿರುವಿನಲ್ಲಿ ಅಧ್ಯಕ್ಷರ ಕಾರು ನಿಲ್ಲಲೇಬೇಕಾಯಿತು. ಹೆಡ್‌ಲೈಟಿನ ಬೆಳಕಿಗೆ ಅಡ್ಡವಾಗಿ ಒಂದು ತಗಡಿನ ಬೋರ್ಡು, ಬಲ್ಬಿಲ್ಲದ್ದು, ಕೈಯಿಂದ ಬರೆದದ್ದು: 'ದೀಪ ಆರಿಸಿ. ಇಲ್ಲಿಂದ ಮುಂದೆ ನಮ್ಮಕ್ಕನ ಆಕಾಶ.'

ಬೋರ್ಡಿನ ಪಕ್ಕ ತಮ್ಮ ಕೈಕಟ್ಟಿ ನಿಂತಿದ್ದ. ದೀಪ ಆರುವವರೆಗೂ ದಾರಿ ಬಿಡಲಿಲ್ಲ.