ಸತ್ತವನ ಭಾಷಣ

ಉಪನ್ಯಾಸ ಶುರುವಾಗಲು ಕಾಲು ಗಂಟೆ ಇರುವಾಗ ಡಿಲಿಯಾ ತಮ್ಮನ ತೋಳು ಹಿಡಿದು ಸಭಾಂಗಣದ ಹಿಂದಿನ ಅಡುಗೆಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಐವತ್ತು ವರ್ಷದ ಮೇಲೆ ಕಂಡ ತಮ್ಮ. ಬಾಗಿಲಲ್ಲಿ ಅವನೇ ಹತ್ತಿರ ಹೋಗಿ ಗುರುತು ಹೇಳಿದ್ದ. ಅವಳು ಅಪ್ಪಿಕೊಳ್ಳಲಿಲ್ಲ, ಅಳಲಿಲ್ಲ.

"ನೀನು ಯಾರು ಅಂತ ಬೇರೆ ಯಾರಿಗಾದ್ರೂ ಹೇಳಿದ್ಯಾ?"

ಫೆಸ್ಟಸ್ ಹೇಳಿರಲಿಲ್ಲ. ಇಂಗ್ಲೆಂಡಿಗೆ ದುಡಿಯಲು ಹೋಗಿ ಬೀದಿಪಾಲಾದ ಐರಿಷ್ ಜನರನ್ನು ನೂರು ವರ್ಷದಿಂದ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಸಂಘವೊಂದು ಅವನನ್ನು ಕರೆತಂದಿತ್ತು. ಸಂಘದ ಮಿಸ್ ಹೆನೆಗನ್ ಊರೂರಲ್ಲಿ ಉಪನ್ಯಾಸ ಕೊಟ್ಟು ಚಂದಾ ಎತ್ತುವವಳು. ಕೊನೆಗೆ ಅವನು ಎದ್ದು ತನ್ನ ಹೆಸರು, ಪಟ್ಟ ಪಾಡು ಹೇಳಬೇಕು. ಈ ಸಲ ಐರ್ಲೆಂಡಿನ ಮೇಯೋ ಸೀಮೆಯ ಈ ಹಳ್ಳಿ ಎಂದಾಗ ತಾನೇ ಮುಂದೆ ಬಿದ್ದು ಬಂದಿದ್ದ. ಹುಟ್ಟಿದೂರಲ್ಲಿ ಒಮ್ಮೆ ಎದ್ದು ನಿಂತು, ನಾನು ರುವಾನರ ಮನೆ ಮಗ ಎನ್ನಬೇಕು, ಬೇರೇನೂ ಬೇಕಿರಲಿಲ್ಲ.

"ಹನ್ನೊಂದು ವರ್ಷ ನಿಂದೊಂದು ಕಾಗದ ಇಲ್ಲ," ಎಂದಳು ಡಿಲಿಯಾ. "ಅಮ್ಮ ಹಾಸಿಗೆ ಹಿಡಿದಿದ್ಲು. ನಿನ್ನ ನೋಡದೆ ಹೋಗಲ್ಲ ಅಂತ ಜೀವ ಹಿಡ್ಕೊಂಡು ನರಳ್ತಿದ್ಲು. ನೋಡೋಕಾಗ್ಲಿಲ್ಲ ಕಣೋ. ನೀನು ಗೋಡೆ ಬಿದ್ದು ಸತ್ತೆ ಅಂತ ಹೇಳ್ಬಿಟ್ಟೆ. ಮೂರನೇ ದಿನಕ್ಕೆ ಹೋದ್ಲು."

"ಸಮಾಧಾನದಿಂದ ಹೋದ್ಲಾ?"

ಡಿಲಿಯಾ ಬಾಗಿಲು ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿದಳು. ಅಮ್ಮನ ಸಮಾಧಿಕಲ್ಲಿನಲ್ಲಿ ಅವನ ಹೆಸರೂ ಕೆತ್ತಿಸಿದೆ, ಪ್ರತಿ ನವೆಂಬರಿನಲ್ಲಿ ಪಾದ್ರಿ ಸತ್ತವರ ಪಟ್ಟಿಯಲ್ಲಿ ಅದನ್ನು ಓದುತ್ತಾರೆ, ಊರೆಲ್ಲ ಪ್ರಾರ್ಥಿಸುತ್ತದೆ ಎಂದಷ್ಟೇ ಹೇಳಿದಳು. ಸತ್ತವನ ಮೇಲೆ ಊರಿಗೆ ಎಷ್ಟೊಂದು ಮಮಕಾರ! ಫೆಸ್ಟಸನಿಗೆ ಹೊಟ್ಟೆ ಉರಿಯಿತು. ಆದರೆ ಯಾವ ಬಾಯಲ್ಲಿ ಬೈಯುವುದು? ಕುಡಿದು ಬಿದ್ದಿದ್ದ ಆ ವರ್ಷಗಳಲ್ಲಿ ಬರೆಯಲು ಒಳ್ಳೆಯದೇನೂ ಇರಲಿಲ್ಲ. ಅಮ್ಮನಿಗೆ ಸುಳ್ಳು ಬರೆಯಲು ಮನಸ್ಸಾಗಿರಲಿಲ್ಲ.

"ನೀನು ನಾಳೆ ಹೊರಟುಹೋಗ್ತೀಯ. ತಾಯಿನ ಸುಳ್ಳು ಹೇಳಿ ಸಾಯಿಸಿದವಳು ಅನ್ನಿಸ್ಕೊಂಡು ನಾನು ಇಲ್ಲೇ ಬಾಳ್ಬೇಕು, ಫೆಸ್ಟಿ."

ಮಿಸ್ ಹೆನೆಗನ್ ಚೆನ್ನಾಗಿಯೇ ಮಾತಾಡಿದಳು. ಈ ಮನೆಗಳಿಗೆ ಹೆಂಚು ಹೊದಿಸಿದ್ದು ಅಲ್ಲಿ ಮಣ್ಣು ಹೊತ್ತವರ ದುಡ್ಡು, ಅವರನ್ನೇ ನಾವು ಮರೆತೆವು ಎಂದಾಗ ಹೆಂಗಸರು ಮೂಗೊರೆಸಿಕೊಂಡರು. ಆಮೇಲೆ, ತಾವು ಯಾರೆಂದು ಇವರೇ ಹೇಳಲಿ ಎಂದು ಫೆಸ್ಟಸನನ್ನು ಎಬ್ಬಿಸಿದಳು.

ಎರಡನೇ ಸಾಲಿನಲ್ಲಿದ್ದ ಡಿಲಿಯಾ ಕಣ್ಣು ಮುಚ್ಚಿಕೊಂಡಳು.

"ಡೆನಿಸ್ ಟೂಮಿ," ಎಂದ ಅವನು. "ಕಾರ್ಕ್ ಕಡೆಯವನು."

ಮಿಸ್ ಹೆನೆಗನ್ ತಿರುಗಿ ನೋಡಿದಳು. ತುಂಬಿದ ಸಭೆಯಲ್ಲಿ ಕೇಳುವ ಹಾಗಿರಲಿಲ್ಲ. ಉಳಿದದ್ದನ್ನು ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಚಂದಾ ತಟ್ಟೆ ಎರಡು ಸುತ್ತು ಬಂತು.

ಚಹಾದ ಹೊತ್ತಿಗೆ ಡಿಲಿಯಾ ನೆರೆಯ ಹೆಂಗಸರ ಜೊತೆ ಕೇಕ್ ಹಿಡಿದುಕೊಂಡು ಬಂದಳು. ಮುಖದಲ್ಲಿ ಬಣ್ಣ ಮರಳಿತ್ತು. ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು: "ತಗೊಳ್ಳಿ, ಮಿಸ್ಟರ್ ಟೂಮಿ. ಊರಲ್ಲಿ ನಿಮ್ಮೋರು ಅಂತ ಯಾರಾದ್ರೂ ಇದ್ದಾರಾ?"

"ಒಬ್ಬಳು ಅಕ್ಕ ಇದ್ಲು," ಎಂದ ಫೆಸ್ಟಸ್. "ತೀರಿಕೊಂಡ್ಲು."

ಹೆಂಗಸರೆಲ್ಲ ಶಿಲುಬೆಯ ಗುರುತು ಹಾಕಿಕೊಂಡರು. ಡಿಲಿಯಾಳೂ ಹಾಕಿಕೊಳ್ಳಬೇಕಾಯಿತು.